ಅಳತೆ ಟೇಪು

ಲಾಂಗ್ ಜಂಪಿನ ಟೇಪು ಕಾಣೆಯಾಗಿ ಮೂರು ದಿನ.
ಬೀರು, ಚೆಂಡಿನ ಚೀಲ, ಜಾವೆಲಿನ್ ಒರಗಿಸಿಟ್ಟ ಮೂಲೆ,
ಎಲ್ಲ ತಡಕಿದೆ.
ಉಪಜಿಲ್ಲಾ ಕ್ರೀಡಾಕೂಟಕ್ಕೆ ಉಳಿದದ್ದು ಒಂಬತ್ತೇ ದಿನ.
"ಇನಾಸ್ ಕೊಂಡುಹೋದ ಮಾಷೇ," ಅಂದಳು ಆರನೆಯ ಕ್ಲಾಸಿನ ಸಫೀನಾ,
"ಗುಡ್ಡೆಯ ಬುಡಕ್ಕೆ."

ಇನಾಸ್. ಹಳಿಯಾಳದ ಕಡೆಯಿಂದ
ಪೈವಳಿಕೆಯ ಕಲ್ಲುಕೋರೆಗೆ ಬಂದ ಸಿದ್ದಿ ದಂಪತಿಯ ಮಗ.
ಒಂಬತ್ತನೆಯ ಕ್ಲಾಸು. ಹಾಜರಿಯಲ್ಲಿ ಕೊನೆಯ ಹೆಸರು,
ಮೈದಾನದಲ್ಲಿ ಮೊದಲನೆಯದು.
ಉಪ್ಪಳದ ಸೆವೆನ್ಸ್ ಕಮಿಟಿಯವರು ಬೈಕಿನಲ್ಲಿ ಬಂದು
ಕಂಬಳದ ಕೋಣ ನೋಡುವವರ ಹಾಗೆ
ಅವನ ಮೀನಖಂಡ ಹಿಸುಕಿ ನೋಡುತ್ತಾರೆ.
"ಘಾನಾದಿಂದ ತರಿಸಿದರೆ ವಿಮಾನದ ಖರ್ಚು,
ಇವನಿಗೆ ಬಸ್ ಚಾರ್ಜು ಸಾಕು."
ನಕ್ಕರು. ನಾನೂ ನಕ್ಕೆ.
ಸುಳ್ಳು ಹೇಳಲಾರೆ.

ಶಾಲೆಗೆ ಸೇರಿದ ದಿನ ಹೆಸರು ಕೇಳುವ ಮೊದಲೇ
ಅವನ ಕಾಲು ನೋಡಿದವನು ನಾನು.
ಗಣಿತದ ಟೀಚರು ಏನೋ ಹೇಳಬಂದಾಗ
"ಬಿಡಿ ಟೀಚರೇ, ಅದು ಗ್ರೌಂಡಿನ ಹುಡುಗ"
ಎಂದು ಸೀಟಿ ಊದಿದವನು.

ಸುರಂಗದ ಬಾಯಲ್ಲಿ ಅವನ ಚಪ್ಪಲಿ.
ಹಳದಿ ಟೇಪು ನೀರಿನ ಗೆರೆಯ ಜೊತೆ
ಕತ್ತಲೊಳಗಿಂದ ಹೊರಬಂದು ಬಿದ್ದಿತ್ತು.
ಕರೆದೆ. ಗುಡ್ಡೆ ಓಗೊಟ್ಟಿತು.
ಬೆನ್ನು ಬಗ್ಗಿಸಿ, ಹಳೆಯ ಮಂಡಿಯನ್ನು ಬೈಯುತ್ತಾ ನುಗ್ಗಿದೆ.

ಮೊಂಬತ್ತಿಯ ಪಕ್ಕ ಕುಳಿತಿದ್ದ, ಮೊಣಕಾಲ ತನಕ ಕೆಸರು.
"ಇಲ್ಲಿಗೆ ಮುರಕಲ್ಲು ಮುಗಿಯಿತು ಮಾಷೇ, ಇನ್ನು ಸೇಡಿಮಣ್ಣು.
ಮುಟ್ಟಿ ನೋಡಿ, ಬೆಣ್ಣೆಯ ಹಾಗೆ.
ಇದು ನೀರನ್ನು ಕೆಳಗೆ ಬಿಡುವುದಿಲ್ಲ,
ಅದಕ್ಕೇ ಅದು ಈ ಸಂದಿನಲ್ಲಿ ಅಡ್ಡಕ್ಕೆ ನಡೆಯುತ್ತದೆ.
ಕೋರೆ ಇನ್ನೆರಡು ಕೋಲು ಇಳಿದರೆ ಈ ಸುರಂಗ ಬತ್ತುತ್ತದೆ.
ಕೆಳಗಿನ ಹನ್ನೊಂದು ಮನೆಗೆ ಇದೇ ನೀರು."
"ಯಾರು ಹೇಳಿಕೊಟ್ಟರು?"
"ಕೋಲಿನ ಲೆಕ್ಕ ಕುಂಞಂಬಜ್ಜನದ್ದು. ಉಳಿದದ್ದು ಅಳೆದದ್ದು."
"ಕೋರೆಯಲ್ಲಿ ನಿನ್ನ ಅಪ್ಪನೇ ಅಲ್ಲವೋ..."
"ಅದಕ್ಕೇ ಯಾರಿಗೂ ಹೇಳಿಲ್ಲ."

ಮಡಚಿದ ಕಾಗದ ಬಿಚ್ಚಿದ: ಸೆವೆನ್ಸಿನ ನೋಟೀಸು.
ಒಂದು ಬದಿಯಲ್ಲಿ ಅವನದೇ ಫೋಟೋ, ಕಾಲಡಿ ಚೆಂಡು,
ಹೆಸರಿಲ್ಲ, 'ಕರಿಮಿಂಚು' ಎಂದಷ್ಟೇ.
ಬೆನ್ನಿಗೆ ಪೆನ್ಸಿಲಿನಲ್ಲಿ ಸೀಳಿದ ಗುಡ್ಡೆ,
ಪದರ ಪದರಕ್ಕೆ ಅಂಕಿ.

ಇನಾಸ್, ಓಡಬೇಡ ಎನ್ನುವುದಿಲ್ಲ ನಾನು.
ಗಾಳಿಯ ಎದುರು ಓಡುವಾಗ ನೀನು ಒಬ್ಬನೇ ನಗುವುದನ್ನು ಕಂಡಿದ್ದೇನೆ,
ಆ ನಗು ನಿನ್ನದೇ, ಇಟ್ಟುಕೋ.
ಆದರೆ ಕಾಲನ್ನು ಕೇಳಿಕೊಂಡು ಬಂದವರು
ನಿನ್ನನ್ನು ಕೇಳಿಕೊಂಡು ಬಂದವರಲ್ಲ.
ಹತ್ತೊಂಬತ್ತರಲ್ಲಿ, ಕಬಡ್ಡಿಯ ಗೆರೆಯ ಮೇಲೆ,
ನನ್ನ ಮಂಡಿ ಟಕ್ ಎಂದ ಸಂಜೆ
ಹೆಗಲ ಮೇಲೆ ಹೊತ್ತು ಕುಣಿದಿದ್ದವರ ಜೀಪು
ಆಸ್ಪತ್ರೆಯ ಗೇಟಿನಲ್ಲಿ ಇಳಿಸಿ ಹೋಯಿತು, ಅಷ್ಟೇ.
ಆದರೂ ನನಗೆ ಬೇರೆ ದಾರಿ ಇರಬಹುದೆಂದು
ಊರಿಗೆ ಅನ್ನಿಸಿತ್ತು.
ನಿನ್ನ ಕೂದಲು, ನಿನ್ನ ಬಣ್ಣ ಕಂಡ ಕೂಡಲೇ
ಇವರು ಗೋಲಿನ ಕಂಬ ನೆಟ್ಟುಬಿಡುತ್ತಾರೆ,
ಎರಡು ಕಂಬದ ನಡುವೆ ಎಷ್ಟು ಜಾಗವೋ
ಅಷ್ಟೇ ನಿನ್ನ ಲೋಕ.
ಒಂದು ಕಂಬಕ್ಕೆ ಗುಂಡಿ ತೋಡಿದ್ದು ನಾನು.

ಇದನ್ನೆಲ್ಲ ಅಲ್ಲಿ ಹೇಳಲಿಲ್ಲ.
ಹೇಳಿದ್ದು ಇಷ್ಟೇ: "ಟೀಚರಿಗೆ ತೋರಿಸಿದೆಯಾ?"
"ನಾನು ಗ್ರೌಂಡಿನ ಹುಡುಗ ಅಲ್ಲವಾ ಮಾಷೇ," ಅಂದ,
ಬೇಸರವಿಲ್ಲದೆ, ಪಾಠ ಒಪ್ಪಿಸುವವನ ಹಾಗೆ.

ಮೊಂಬತ್ತಿ ಸಣ್ಣಗಾಯಿತು. ನೀರು ಯಾರನ್ನೂ ಕೇಳದೆ
ನಮ್ಮಿಬ್ಬರ ಪಾದದ ನಡುವೆ ಹೋಗುತ್ತಿತ್ತು.

ನಾಳೆ ಜಂಪಿನ ಗುಂಡಿಯನ್ನು ತೆಂಗಿನ ಹಗ್ಗದಲ್ಲಿ ಅಳೆದರಾಯಿತು,
ಮೀಟರಿಗೊಂದು ಗಂಟು ಹಾಕಿ.
"ಇನ್ನೂ ಎಷ್ಟು ಉಳಿದಿದೆ?"
"ಹದಿನಾಲ್ಕು ಕೋಲು. ಒಬ್ಬನಿಂದ ಆಗುವುದಿಲ್ಲ,
ತುದಿ ಜಾರುತ್ತದೆ."

ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿದೆ.
ಟೇಪಿನ ಸೊನ್ನೆಯ ತುದಿಯನ್ನು ನನ್ನ ಬೆರಳಿಗೆ ಕೊಟ್ಟು
"ಗಟ್ಟಿ ಹಿಡಿಯಿರಿ, ಮಾಷೇ" ಎಂದು
ಅವನು ಒಳಗೆ ನಡೆದ.