ಬರತಕ್ಕ ಬಾಕಿ

ಪಂಚಾಂಗ ನೋಡಿ ಫುಟ್‌ಬಾಲ್ ಆಡಿದವರು ನಾವು.
ಅಮಾವಾಸ್ಯೆ, ಹುಣ್ಣಿಮೆ, ಅವುಗಳ ಆಚೀಚೆ ಒಂದೆರಡು ದಿನ
ಸಂಜೆ ಐದಕ್ಕೆ ಸಮುದ್ರ ದೂರ ಸರಿದು
ಕಾರವಾರದ ದಂಡೆ ಗಟ್ಟಿ ನೆಲವಾಗುತ್ತಿತ್ತು.
ಅಷ್ಟಮಿಗೆ ಅದೇ ಹೊತ್ತಿನಲ್ಲಿ
ಗೋಲುಗಳದ ಸೊಂಟದವರೆಗೆ ನೀರು.
ಇವತ್ತು ಎದುರು ಟೀಮು ಅದೇ, ಎನ್ನುತ್ತಿದ್ದ ಇನಾಸ,
ಅಲೆಯತ್ತ ಗದ್ದ ತೋರಿಸಿ.

ನಾನು ಆಡಿದವನಲ್ಲ. ಎಡಗಾಲು ಗಿಡ್ಡ.
ಹೈಸ್ಕೂಲಿನ ಹನ್ನೊಂದು ಹುಡುಗರಿಗೆ ಹನ್ನೆರಡನೆಯವ,
ಸೆಕ್ರೆಟರಿ. ಕಂಕುಳಲ್ಲಿ ಕೆಂಪು ಬಟ್ಟೆಯ ಕಿರ್ದಿ.
ಹತ್ತೊಂಬೈನೂರ ಹನ್ನೆರಡು, ನವರಾತ್ರಿ ಕಳೆದ ಮೇಲೆ
ಮುಂಬಯಿ ಸ್ಟೀಮರಿನಲ್ಲಿ ಬಂತು
ಚರ್ಮದ ಚೆಂಡು ಒಂದು, ಒಳಗಿನ ರಬ್ಬರು ಎರಡು:
ಏಳು ರೂಪಾಯಿ ಹನ್ನೊಂದು ಆಣೆ.
ಧಕ್ಕೆಯಿಂದ ಹೊತ್ತು ತಂದ ಕೂಲಿ, ಆರು ಪೈ.
ಕೂಲಿ ಎಂದದ್ದು ಸುಳ್ಳು. ಹೊತ್ತವನು ನಾನು,
ಆರು ಪೈಗೆ ಶೇಂಗಾ ತಿಂದವನೂ ನಾನೇ.

ಗೋಲು ಕಾಯುವ ದತ್ತು ಗಾಯತೊಂಡೆಗೆ
ದಿನ ಬಿಟ್ಟು ದಿನ ಚಳಿಜ್ವರ.
ಹಾಗಾಗಿ ನನ್ನ ಲೆಕ್ಕ ಎರಡು,
ಚಂದ್ರನದೊಂದು, ದತ್ತುವಿನದೊಂದು.
ಎರಡೂ ಕೂಡಿಬಂದರೆ ಗೆದ್ದೆವು.
ಕೂಡದ ದಿನ ಅವನು ಕಂಬಳಿ ಹೊದ್ದು
ಹಲ್ಲು ಕಟಕಟಿಸುತ್ತ ಗಳಗಳ ನಡುವೆ ನಿಂತ.
ಪೊಲೀಸರ ಟೀಮು
ಕಂಬಳಿಗೇ ನಾಲ್ಕು ಗೋಲು ಹೊಡೆಯಿತು.

ಹೊನ್ನಾವರದವರು ಮಚವೆಯಲ್ಲಿ ಬಂದರು, ಎದುರುಗಾಳಿ,
ಇಳಿಯುವಾಗ ಮುಖ ಎಳೆ ಮಾವಿನಕಾಯಿಯ ಬಣ್ಣ,
ಹೊಟ್ಟೆಯಲ್ಲಿದ್ದದ್ದೆಲ್ಲ ಅಂಕೋಲೆಯ ಎದುರು ಬಿಟ್ಟು ಬಂದಿದ್ದರು.
ಮೂರು, ಸೊನ್ನೆ.
ಗೆಲುವು ಬರೆದೆ. ಕಾರಣ ಬರೆಯಲಿಲ್ಲ.

ಇನ್ನೊಂದು ನಮೂದು: ಅರ್ಧ ಆಟಕ್ಕೆ ನೀರು,
ತಾಮ್ರದ ಕೊಡ ಒಂದು, ಮಣ್ಣಿನದು ಒಂದು.
ಯಾರಿಗೆ ಯಾವುದು ಎಂದು ಬರೆದಿಲ್ಲ;
ಓದುವವರಿಗೆ ಆಗ ಗೊತ್ತಿತ್ತು.
ವಿಠೋಬ ಹರಿಕಂತ್ರ ಎಡಬದಿಯಿಂದ ಓಡಿಬಂದು
ಚೆಂಡು ಎತ್ತಿ ಕೊಟ್ಟರೆ
ಸಂಸ್ಕೃತ ಮಾಸ್ತರರ ಮಗ ಅನಂತ
ಹಣೆ ಒಡ್ಡಿ ಗೋಲಿಗೆ ತಳ್ಳುತ್ತಿದ್ದ.
ದನದ ಚರ್ಮ ಹಣೆಗೆ ತಾಗಿದ್ದಕ್ಕೆ
ಮನೆಯಲ್ಲಿ ಬಾವಿಕಟ್ಟೆಯಲ್ಲೇ ಸ್ನಾನ,
ಪುಸ್ತಕ ಹೊರಗೆ, ಊಟ ತಡ.
ಮರುದಿನ ಮತ್ತೆ ಹಣೆ ಒಡ್ಡಿದ.

ಮಾಘದ ಅಮಾವಾಸ್ಯೆ. ಸರ್ವೆ ಹಡಗಿನ ಗೋರರು,
ಕಾಲಿಗೆ ಬೂಟು. ನಮ್ಮವರ ಕಾಲಿಗೆ ಕಾಲೇ.
ಕಪ್ತಾನನ ಚಹಾ ಮುಗಿಯುವವರೆಗೆ ಕಾದೆವು,
ನೀರು ಕಾಯಲಿಲ್ಲ.
ಒಂದು, ಒಂದು. ಇನಾಸನ ಹೆಬ್ಬೆರಳ ಉಗುರು
ಒಂದು ಬೂಟಿನಡಿಗೆ ಹೋಯಿತು;
ಅರಿಶಿನ, ಸುಣ್ಣ, ಮೂರು ಪೈ.
ಕಣಕಾಲಿನವರೆಗೆ ಭರತಿ ಏರಿದಾಗ
ವಿಠೋಬ ಹೊಡೆದ.
ನೆನೆದ ಚೆಂಡು, ಕಲ್ಲಿನ ಭಾರ,
ಆದರೂ ಹಗ್ಗದ ಮೇಲಿಂದ ಹಾರಿ
ಬಿಳಿ ನೊರೆ ದಾಟಿ ಬಿತ್ತು.
ಘಟ್ಟದ ಗಾಳಿ ಶುರುವಾಗಿತ್ತು.
ಅದು ಯಾರ ಮಾತೂ ಕೇಳುವ ಗಾಳಿಯಲ್ಲ.

ವಿಠೋಬ ಈಜಿದ. ಬೆನ್ನು ಕಂಡಿತು, ಮತ್ತೆ ತಲೆ,
ಮತ್ತೆ ಬರೀ ಕಪ್ಪು.
ಗೋರರು ಟೋಪಿ ಬೀಸಿ ದೋಣಿ ಹತ್ತಿದರು.
ನಾವು ಕಂದೀಲು ಎತ್ತಿ ಹಿಡಿದು ಕೂಗಿದೆವು.
ಕೂಗಿ ಕೂಗಿ ದತ್ತುವಿಗೆ ಬೆವರು ಬಂತು.

ಬಂದ, ಬರಿಗೈಯಲ್ಲಿ, ಕುಸಿದು ಕುಳಿತ.
ಕತ್ತಲಲ್ಲಿ ಕೈಗೆ ಸಿಕ್ಕ ಕೊಡ ಎತ್ತಿ
ಅವನ ಬಾಯಿಗೆ ಹಿಡಿದೆ.
ಯಾವುದೆಂದು ಯಾರಿಗೂ ಕಾಣಲಿಲ್ಲ.
ನನಗೆ ಗೊತ್ತಿತ್ತು. ತಾಮ್ರದ ತೂಕ ಬೇರೆ,
ಅಂಚಿಗೆ ಹಲ್ಲು ತಾಗಿದರೆ ಆಗುವ ಸದ್ದೂ ಬೇರೆ.
ಕಿರ್ದಿಯಲ್ಲಿ ಅದು ಇಲ್ಲ.

ಇನ್ನೊಂದು ಚೆಂಡಿಗೆ ದುಡ್ಡಿರಲಿಲ್ಲ.
ಕೊನೆಯ ಪುಟದಲ್ಲಿ ಬರೆದೆ:
ಚೆಂಡು ಒಂದು, ಸಮುದ್ರದ ಹೆಸರಿಗೆ, ಬರತಕ್ಕದ್ದು.
ಹೆಡ್‌ಮಾಸ್ತರರು ಕೆಂಪು ಶಾಯಿಯಲ್ಲಿ ಕೇಳಿದರು:
ಜಾಮೀನು ಯಾರು?
ಆ ಸಾಲು ಖಾಲಿ ಬಿಟ್ಟೆ.

ಮುಂದಿನ ಹುಣ್ಣಿಮೆಗೆ ದಂಡೆ ಐದಕ್ಕೇ ಒಣಗಿತ್ತು,
ದತ್ತುವಿಗೆ ಜ್ವರವೂ ಇರಲಿಲ್ಲ.