ಹದಿನಾಲ್ಕನೇ ಸಾಲು

ತಿಳಿನೀಲಿ ರಿದಾ, ಅಂಚಿಗೆ ಬಿಳಿ ಲೇಸು.
ಬಂದಾಕಿ ಮೊದಲ ಕೇಳಿದ್ದು:
"ಸಿಸ್ಟರ್, ಕತ್ತರಿ-ಗಿತ್ತರಿ ಕುದಸ್ತೀರಿಲ್ಲ?"
ಕುದಸ್ತೀವ್ರಿ, ಅಂದೆ.
ಯಾವುದಕ್ಕಂತ ಇನ್ನೂ ಗೊತ್ತಿರಲಿಲ್ಲ.

ಖಡೇಬಜಾರದಾಗ ಇವರದು ನಟ್ಟು-ಬೋಲ್ಟಿನ ಅಂಗಡಿ.
ಗಲ್ಲಾದ ಮುಂದ ಕಲಿತ ಕನ್ನಡ,
ಚಿಲ್ಲರಿ ಎಣಿಸಿ ಕೊಟ್ಟಂಗ ಮಾತಾಡತಾಳ ಉಮ್ಮೆಹಾನಿ:

"ನಂದು ಏಳಕ್ಕ ಆತು. ಐಸ್‌ಫ್ರೂಟ್ ಕೊಡಸ್ತೀನಿ ಬಾ ಅಂದ್ಲು ಅಜ್ಜಿ.
ಮಾಳಿಗಿ ಮ್ಯಾಲ ಒಂದು ಖೋಲಿ. ಯಾರೋ ಮುದುಕಿ.
ಬ್ಲೇಡಿನ ಕಾಗದ ಬಿಚ್ಚೂ ಸಪ್ಪಳ.
ಐಸ್‌ಫ್ರೂಟ್ ಕೊಡಿಸಿದ್ಲು, ಖರೆ.
ನನ್ನ ಮಗಳಿಗೆ ಹಂಗ ಆಗಬಾರದು.
ಇಲ್ಲಿ ಡಾಕ್ಟರ್ ಅದಾರ, ಇಂಜೆಕ್ಷನ್ ಐತಿ,
ಕೈಗೆ ಗ್ಲೌಸ್ ಹಾಕ್ಕೋತಾರ.
ತಾಯಾದಾಕಿ ಇನ್ನೇನು ಮಾಡಬೇಕ್ರಿ?"

ಅಕಿ ಪ್ರೀತಿ ಸುಳ್ಳಲ್ಲ.
ನನ್ನ ಮಗಳು ದೊಡ್ಡಾಕಿ ಆದಾಗ
ಹಿತ್ತಲಕಡಿ ಮೂರು ದಿನ ಕುಂಡರಿಸಿದ್ದೆ ನಾನೂ,
ಹೊಸಾ ಚಾಪಿ ಹಾಸಿ.
ಚಾಪಿ ಹೊಸಾದೈತಲ್ಲ, ಅಂತ ಸಮಾಧಾನ.

ಬೆಂಚಿನ ಮ್ಯಾಲ ಹುಡುಗಿ ಕಾಲು ಜೋಲಿ ಹೊಡೀತಿತ್ತು,
ಅಲ್ಲಾಡೂ ಹಲ್ಲನ್ನ ನಾಲಗಿಲೆ ದಬ್ಬತಿತ್ತು.
"ಇದನ್ನ ಕೀಳ್ತೀರೇನು?" ಅಂತು ನನಗ.
ಅವ್ವ ಕ್ಯಾಲೆಂಡರ್ ನೋಡಿದ್ಲು.

ರಜಿಸ್ಟರ್ ತಗದೆ.
ಹೆಸರು: ಇನ್ಸಿಯಾ. ವಯಸ್ಸು: ಏಳು. ತೂಕ: ಹತ್ತೊಂಬತ್ತು ಕಿಲೋ.
ಮುಂದಿನ ಖಾನೇದಾಗ ಛಾಪಿಸಿದ್ದು: ತೊಂದರೆ ಏನು?
"ಏನ ಬರೀಲ್ರಿ?"
"ಏನರೆ ಬರಕೋರಿ."
"ಏನರೆ ಅಂದ್ರ?"

ಅಕಿ ಮಗಳ ಕಡೆ ತಿರುಗಿ
ನೆತ್ತಿಯಿಂದ ಚಪ್ಪಲಿತನ ಹುಡುಕಿದ್ಲು.
ಜ್ವರ ಇಲ್ಲ. ಕೆಮ್ಮು ಇಲ್ಲ.
ಆಟದಾಗ ಬಿದ್ದ ಮೊಣಕಾಲಿಗೆ ಹಕ್ಕಳಿ,
ಅದೂ ಉದರಾಕ ಬಂದೈತಿ.

ಫ್ಯಾನು ತಿರಗತಿತ್ತು.
ಹೊರಗ ಯಾವನೋ ಕಂಡಕ್ಟರ್ ಧಾರವಾಡ, ಧಾರವಾಡ ಅಂತ ಒದರತಿದ್ದ.
ನನ್ನ ಪೆನ್ನು ಕಾಗದಕ್ಕ ಮುಟ್ಟದ ನಿಂತಿತ್ತು.
"ಅತ್ತಿಗೆ ಏನ ಹೇಳಲಿ," ಅಂದ್ಲು, ನನಗಲ್ಲ,
ಹುಡುಗಿ ಕೈ ಹಿಡಕೊಂಡು
ಪರ್ಸು ಬೆಂಚಿನ ಮ್ಯಾಲ ಮರತು ಹೋಗಿ, ಮತ್ತ ಬಂದು ಒಯ್ದಳು.

ಪುಣೆದಾಗ ಸಿಕ್ಕಿರಬಹುದು ಯಾರರೆ, ಗ್ಲೌಸ್ ಹಾಕ್ಕೊಂಡವರು.
ಸಿಕ್ಕಿರಲಿಕ್ಕಿಲ್ಲ.
ಆ ಅಂಗಡಿ ಮುಂದ ಹಾದಾಗೊಮ್ಮೆ ಒಳಗ ಇಣುಕತೀನಿ,
ಗಲ್ಲಾದಾಗ ಗಂಡ ಅಷ್ಟ ಕಾಣತಾನ.

ಅವತ್ತ ಸಂಜೀಕ ಡಾಕ್ಟರ್ ರಜಿಸ್ಟರ್ ತಿರುವಿ ಕೇಳಿದ್ರು:
ಹದಿನಾಲ್ಕನೇ ಸಾಲು ಯಾಕ ಅರ್ಧಕ್ಕ ಬಿಟ್ಟಿ?
ಆರಾಮ ಇದ್ಲ್ರಿ, ಅಂದೆ.