ಅನುಬಂಧ ಏಳು

ಪುರಸಭೆಯ ಮಾಳಿಗೆಯಲ್ಲಿ, ಜನನ ಮರಣದ ಕಪಾಟಿಗೂ
ಕೈ ತೊಳೆಯುವ ಬೇಸಿನ್ನಿಗೂ ನಡುವೆ ನನ್ನ ಮೇಜು.
ಅಲ್ಲಿ ಕೂತು ಮೂರು ತಿಂಗಳು ಟೈಪು ಮಾಡಿದೆ
ವಿರಾಜಪೇಟೆಯ ಮುಂದಿನ ಇಪ್ಪತ್ತು ವರ್ಷ.

ಕಲೆ ಮತ್ತು ಸಂಸ್ಕೃತಿ, ದೀರ್ಘಾವಧಿ ಯೋಜನೆ. ಕರಡು ಮೂರು.
ಪುಟ ನೂರಾ ಹನ್ನೆರಡು. ನಕ್ಷೆ ಎಂಟು.
ಮುಖಪುಟಕ್ಕೆ ಮೈಸೂರಿನ ಸಲಹೆಗಾರರು ಕಳಿಸಿದ ಚಿತ್ರ:
ನಿರಿಗೆ ಹಿಂದಕ್ಕೆ ಬಿಟ್ಟು ನಗುವ ಹೆಣ್ಣು, ಯಾರೋ ರೂಪದರ್ಶಿ,
ಸೆರಗಿನ ಗಂಟು ತಪ್ಪು ಹೆಗಲ ಮೇಲೆ.
ಹೇಳಿದೆ. ‘ಪ್ರಿಂಟಿನಲ್ಲಿ ತಿಳಿಯೋದಿಲ್ಲ ಬಿಡಿ’ ಅಂದರು.

ಮೊದಲ ಐದು ವರ್ಷ ಸಮೀಕ್ಷೆ.
ಆಮೇಲಿನ ಐದು, ರಂಗಮಂದಿರ: ಆರುನೂರು ಕುರ್ಚಿ,
ತೂಗುಚಾವಣಿ, ಹವಾನಿಯಂತ್ರಣ, ಗಣ್ಯರಿಗೆ ಬೇರೆ ಬಾಗಿಲು.
ಹದಿನೈದರ ಹೊತ್ತಿಗೆ ವಾರ್ಡಿಗೊಂದು ಕಲಾಕೇಂದ್ರ.
ಇಪ್ಪತ್ತನೆಯದಕ್ಕೆ ಬರೀ ಒಂದು ಸಾಲು:
‘ಪಟ್ಟಣವು ಸಾಂಸ್ಕೃತಿಕವಾಗಿ ಸ್ವಾವಲಂಬಿಯಾಗಿರುತ್ತದೆ.’
ಆ ‘ಇರುತ್ತದೆ’ ಹೊಡೆಯುವಾಗ ಕರೆಂಟು ಹೋಯಿತು.
ಮತ್ತೆ ಹೊಡೆದೆ.

‘ದುಡಿ’ ಅಂತ ಇದ್ದಲ್ಲೆಲ್ಲ ಕೆಂಪು ಶಾಯಿ.
ಹೊಸ ಮುಖ್ಯಾಧಿಕಾರಿ, ಬಯಲುಸೀಮೆಯವರು, ಒಳ್ಳೆಯವರೇ,
ಅಂಚಿನಲ್ಲಿ ಬರೆದಿದ್ದರು:
‘ವಾಕ್ಯ ಅಪೂರ್ಣ. ಯಾರು ದುಡಿಯಬೇಕು? ಎಷ್ಟು ದಿನ?’
ನಕ್ಕೆ. ಆಮೇಲೆ ಅದನ್ನು ಇನ್ನೆರಡು ಸಲ ಓದಿದೆ.
ತಿದ್ದಿದ ಪ್ರತಿಯಲ್ಲಿ ಅದು ‘ದುಡ್ಡು’ ಆಗಿತ್ತು;
ಗುಡಿಸು ತೆಗೆದು, ಒತ್ತು ಕೊಟ್ಟು, ಕೊಂಬು ಹಚ್ಚಿದರೆ ಮುಗಿಯಿತು.
ಇಡೀ ಯೋಜನೆಯಲ್ಲಿ ಕೊಂಬಿಗೆ ಸಿಕ್ಕ ಕೆಲಸ ಅದೊಂದೇ.

ಅಹವಾಲು ಸಭೆಗೆ ಹನ್ನೊಂದು ಜನ, ಅದರಲ್ಲಿ ನಾಲ್ವರು ನಾವೇ.
ಮೊಯ್ದೂಟ್ಟಿ ಬಂದ, ಕೋಲ್ಕಳಿಯ ಕೋಲು ಪೇಪರಿನಲ್ಲಿ ಸುತ್ತಿ,
ಸಾಕ್ಷಿಗೆ ತಂದವನ ಹಾಗೆ ತೊಡೆಯ ಮೇಲಿಟ್ಟು ಕೂತ.
ಪಾಲೆಕಂಡ ದೇಚಮ್ಮಕ್ಕ ಉಮ್ಮತ್ತಾಟ್ ಕಲಿಯುವ ಮಕ್ಕಳ ಪಟ್ಟಿ
ತಂದಿದ್ದರು, ಬಸ್ಸಿನ ಸಮಯ ಸಮೇತ:
ಕೊನೇ ಬಸ್ಸು ಆರೂಕಾಲಿಗೆ, ಆಟ ಶುರುವಾಗೋದೇ ಆರಕ್ಕೆ.
‘ಸಾರಿಗೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’
ಅಂತ ನಡಾವಳಿಯಲ್ಲಿ ಬರೆದವಳು ನಾನೇ.

ಕೊನೆಗೆ ಮೇದರ ಮಾದು ಎದ್ದ. ವಯಸ್ಸು ಎಪ್ಪತ್ತೊಂದೋ, ಮೂರೋ.
ಜನನದ ಕಪಾಟಿನಲ್ಲಿ ಅವನಿಲ್ಲ, ಹುಡುಕಿದ್ದೇನೆ.
ಮದುವೆಗೂ ಸಾವಿಗೂ ಪರೆ ಬಡಿದವನು.
ದುಡಿಗೆ ತೊಗಲು ಬಿಗಿಯಲು ಈ ಪೇಟೆಯಲ್ಲಿ ಉಳಿದವನು ಅವನೊಬ್ಬ.
ನಕ್ಷೆಗೆ ಮೂಗು ತಾಗುವಷ್ಟು ಬಾಗಿ
ಒಂದೊಂದೇ ಚೌಕಕ್ಕೆ ಬೆರಳಿಟ್ಟು ಕೇಳುತ್ತ ಹೋದ.
ಇದು? ಗಣ್ಯರ ಕೋಣೆ. ಇದು? ಮೇಕಪ್ಪು.
ಇದು? ಜನರೇಟರು.
‘ಒಲೆ ಎಲ್ಲಿ?’

‘ಕ್ಯಾಂಟೀನು ಎರಡನೇ ಹಂತದಲ್ಲಿ ಬರುತ್ತೆ’ ಅಂದರು ಸಲಹೆಗಾರರು.
‘ಊಟಕ್ಕಲ್ಲ ಸಾಮಿ. ಕಕ್ಕಡದಲ್ಲಿ ತೊಗಲು ಅಂದ್ರೆ ನೆನೆದ ಹಪ್ಪಳ.
ಬೆಂಕಿಗೆ ಹಿಡೀದೆ ಬಡಿದರೆ
ಸದ್ದು ಬರಲ್ಲ, ಕೆಮ್ಮು ಬರುತ್ತೆ.’
ಸಭೆ ನಕ್ಕಿತು. ಯಾರೋ ಅಗ್ನಿಶಾಮಕ ನಿಯಮ ಅಂದರು.
ಮಾದು ನಗಲಿಲ್ಲ. ಕೂತ. ಕೂತು
ಪ್ಲಾಸ್ಟಿಕ್ ಕುರ್ಚಿಯ ಕೈ ಮೇಲೆ ಎರಡೇ ಬೆರಳಲ್ಲಿ,
ಮದುವೆಯದೋ ಸಾವಿನದೋ ಗೊತ್ತಾಗದಷ್ಟು ಮೆಲ್ಲಗೆ,
ಏನೋ ಬಾರಿಸಿದ.
ನಡಾವಳಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ರಾತ್ರಿ ಎಂಟೂವರೆ.
ಗಡಿಯಾರ ಕಂಬ ತನ್ನ ಪಾಡಿಗೆ ಬೇರೆ ಹೊತ್ತು ಹೇಳುತ್ತಿತ್ತು.
ಬೆಳಿಗ್ಗೆ ಕಡತ ಮಡಿಕೇರಿಗೆ ಹೋಗಬೇಕು.
ಅನುಬಂಧ ಏಳು, ಬಿಡಿ ಸಾಮಗ್ರಿ. ಯಾರೂ ಓದದ ಪುಟ.
ಕಸದ ಬುಟ್ಟಿ, ನಲವತ್ತು. ನಾಮಫಲಕ, ಹನ್ನೆರಡು.
ನೆನಪಿನ ಕಾಣಿಕೆ, ಶಾಲು ಸಹಿತ, ಮುನ್ನೂರು.
ಕೆಳಗೆ ಒಂದು ಸಾಲಿಗೆ ಜಾಗವಿತ್ತು.
ಹದಿನೆಂಟು ವರ್ಷದ ನೌಕರಿಯಲ್ಲಿ
ಯಾರೂ ಹೇಳದ ಒಂದಕ್ಷರ ಹೊಡೆದವಳಲ್ಲ ನಾನು.
ಹೊಡೆದೆ:
‘ಒಲೆ, ಒಂದು. ಮಣ್ಣಿನದು. ಹೊಗೆ ಹೋಗಲು ದಾರಿ ಸಹಿತ.
ರೂಪಾಯಿ ಎರಡು ಸಾವಿರದ ನಾನೂರು ಮಾತ್ರ.’
ಒಟ್ಟು ಮೊತ್ತ ತಿದ್ದಿದೆ.
ಇಪ್ಪತ್ತಾರು ಕೋಟಿಯ ಬಾಲ ತುಸು ಅಲ್ಲಾಡಿತು, ಅಷ್ಟೇ.

ಅನುಮೋದನೆಯಾಗಿ ಬಂದಿದೆ ಈಗ, ಪುಟಪುಟಕ್ಕೂ ಮೊಹರು.
ಹಣ ಬಿಡುಗಡೆ ಆರನೇ ವರ್ಷಕ್ಕಂತೆ.
ಸಂತೆ ದಿನ ಮೆಟ್ಟಿಲಲ್ಲಿ ಸಿಕ್ಕ ಮಾದುವಿಗೆ ಹೇಳಿದೆ.
ಬೆರಳು ಮಡಿಚಿ ಎಣಿಸಿದ, ನಡುವೆಯೇ ಬಿಟ್ಟ.
‘ಹಳೇ ಕಾಗದ ಇದ್ದರೆ ಕೊಡಿ ಅಮ್ಮಾ,’ ಅಂದ,
‘ಹಸಿ ಸೌದೆ, ಹತ್ತಿಕೊಳ್ಳಲ್ಲ.’

ಕರಡು ಒಂದು, ಕರಡು ಎರಡು
ದಾರ ಹಾಕಿ ಕಟ್ಟಿ ಕೊಟ್ಟೆ.
ಈ ಕಕ್ಕಡಕ್ಕೆ ಸಾಕು.